ಇನ್ನಾಸಿಪಾಳ್ಯದ ಮಣ್ಣಿನ ಗುಡಿಗೆ ಸಿಮೆಂಟು ಮೆತ್ತಿದ ವರ್ಷ

ನಮ್ಮ ಶಾಲೆಗೆ ಕಾಂಪೌಂಡು ಕಟ್ಟುತ್ತಿದ್ದಾರೆ. ಮೊನ್ನೆ ಬೆಳಿಗ್ಗೆ ಗಾರೆಯವರು ಹಿಂದಿನ ದಿನ ಮೆತ್ತಿದ ಸಿಮೆಂಟಿಗೆ ಪೈಪಿನಿಂದ ನೀರು ಹಿಡಿದಾಗ ಅದರ ಹಸಿ ವಾಸನೆ ಕಿಟಕಿಯಿಂದ ತರಗತಿಯೊಳಗೆ ಬಂತು. ಪಕ್ಕದ ಕೋಣೆಯ ಟೀಚರು ಬಾಗಿಲಲ್ಲಿ ನಿಂತು, "ಹೊಸ ಸಿಮೆಂಟ್ ವಾಸ್ನೆ ಎಷ್ಟ್ ಚೆನ್ನಾಗಿರ್ತದೆ ಅಲ್ವಾ ಮೇಡಂ" ಎಂದರು. ನಾನು ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲೆ ಕುಕ್ಕಿದೆ, ಅದು ಮುರಿಯಿತು. ಆಕೆಗೆ ಏನೂ ಅರ್ಥವಾಗಲಿಲ್ಲ, ಪಾಪ. ಆಕೆಯ ತಪ್ಪೂ ಇಲ್ಲ. ಆ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನ ಈ ಒಂದು ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಇನ್ನಾಸಿಪಾಳ್ಯ ನನ್ನ ಗಂಡನ ಊರು. ದೊಡ್ಡಬೆಳವಂಗಲದಿಂದ ಒಳದಾರಿ ಹಿಡಿದು ಕೆರೆ ಏರಿ ದಾಟಿದರೆ ಸಿಗುತ್ತದೆ. ಕ್ರೈಸ್ತರ ಮನೆಗಳು ಒಂದು ಬೀದಿ, ನಮ್ಮಂಥವರ ಮನೆಗಳು ಮೂರು ಬೀದಿ. ಬೀದಿಗಳು ಸೇರುವ ಜಾಗದಲ್ಲಿ ಗುಡಿ. ಚರ್ಚು ಎಂದು ಯಾರೂ ಅನ್ನುತ್ತಿರಲಿಲ್ಲ, ಅದು ಮಾತೆಗುಡಿ. ಒಳಗಿದ್ದ ಮಾತೆಗೆ ಸೀರೆ ಉಡಿಸುತ್ತಿದ್ದರು, ಕನಕಾಂಬರ ಮುಡಿಸುತ್ತಿದ್ದರು. ಮಕ್ಕಳಿಗೆ ಜ್ವರ ಬಂದರೆ ನನ್ನ ಅತ್ತೆಯೂ ಅಲ್ಲಿಗೆ ಹೋಗಿ ಮೇಣದಬತ್ತಿ ಹಚ್ಚಿ ಬರುತ್ತಿದ್ದರು, ಆಮೇಲೆ ಮಾರಮ್ಮನಿಗೂ ಒಂದು ಹರಕೆ ಹೊರುತ್ತಿದ್ದರು. ಬಾಗಿಲ ಪಕ್ಕದ ಕಲ್ಲಿನಲ್ಲಿ ಅದನ್ನು ಕಟ್ಟಿಸಿದ ಪರದೇಶದ ಪಾದ್ರಿಯ ಹೆಸರಿತ್ತು. ಆ ಪುಣ್ಯಾತ್ಮ ಒಂದು ಮುದ್ದೆ ಮಣ್ಣನ್ನಾದರೂ ಎತ್ತಿ ಇಟ್ಟಿದ್ದನೋ ಇಲ್ಲವೋ, ದೇವರಿಗೇ ಗೊತ್ತು. ಮಣ್ಣು ತುಳಿದವರು, ಮುದ್ದೆ ಕಟ್ಟಿದವರು, ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿ ಗೋಡೆ ಏರಿಸಿದವರು ನಮ್ಮೂರಿನವರು. ಇಟ್ಟಿಗೆ ಇರಲಿಲ್ಲ, ಕಲ್ಲು ಬರೀ ತಳಪಾಯಕ್ಕೆ. ಮೇಲೆಲ್ಲ ಮಣ್ಣಿನ ಮುದ್ದೆ ಗೋಡೆ, ಮೊಳಕ್ಕಿಂತ ದಪ್ಪ. ಏಪ್ರಿಲ್ ಬಿಸಿಲಲ್ಲಿ ಒಳಗೆ ಹೋದರೆ ಮಡಕೆಯ ನೀರು ಕುಡಿದಷ್ಟು ತಂಪು.

ಮಣ್ಣಿನ ಗೋಡೆ ಬಾಣಂತಿಯ ಹಾಗೆ, ವರ್ಷಕ್ಕೊಮ್ಮೆ ಆರೈಕೆ ಬೇಡುತ್ತದೆ. ರಾಗಿ ಒಕ್ಕಣೆ ಮುಗಿದು ಹುಲ್ಲು ಮೆದೆ ಬಿದ್ದ ಮೇಲೆ, ಈಸ್ಟರಿಗೆ ಮುಂಚಿನ ಕ್ರೈಸ್ತರ ತಪಸ್ಸು ಕಾಲ ಶುರುವಾದಾಗ, ನಮ್ಮೂರಲ್ಲಿ ಮಣ್ಣುಸೇವೆ ನಡೆಯುತ್ತಿತ್ತು. ಕೆರೆಯಂಗಳದ ಕೆಮ್ಮಣ್ಣು ತಂದು, ರಾಗಿ ಹುಲ್ಲು ಕೊಚ್ಚಿ ಹಾಕಿ, ಸಗಣಿ ಬೆರೆಸಿ, ನೀರು ಕಟ್ಟಿ ಕೊಳೆಯಲು ಬಿಡುತ್ತಿದ್ದರು. ಅದು ಹುಳಿ ವಾಸನೆ ಹೊಡೆಯಲು ಶುರುವಾದ ಮೇಲೆ ಹೆಂಗಸರೆಲ್ಲ ಸೀರೆ ಎತ್ತಿ ಕಟ್ಟಿ ತುಳಿಯಬೇಕು. ಆಮೇಲೆ ಮೆತ್ತಬೇಕು, ಬರಿಗೈಯಲ್ಲಿ. ಉತ್ತರದ ಗೋಡೆ ನಮ್ಮ ಬೀದಿಗಳ ಹೆಂಗಸರದು, ದಕ್ಷಿಣದ್ದು ಕ್ರೈಸ್ತರ ಬೀದಿಯವರದು. ಮೇಲೆ ಬಳಿಯುವ ಸುಣ್ಣಕ್ಕೆ ಪಾಪಸುಕಳ್ಳಿಯ ಲೋಳೆ. ಗಂಡಸರ ಕೆಲಸ ಏಣಿ ಹಿಡಿಯುವುದು ಮತ್ತು ಬೀಡಿ ಸೇದುತ್ತಾ ಅಲ್ಲಿ ಮೆತ್ತು, ಇಲ್ಲಿ ಮೆತ್ತು ಎನ್ನುವುದು.

ಪೀಠದ ಹಿಂದಿನ ಗೋಡೆ, ಅಂದರೆ ಪೂರ್ವದ ಗೋಡೆ, ಮಾತ್ರ ಯಾರ ಬೀದಿಯದೂ ಅಲ್ಲ. ಆ ವರ್ಷ ಊರಿಗೆ ಸೊಸೆಯಾಗಿ ಬಂದ ಹೆಣ್ಣುಗಳು ಅದನ್ನು ಮೆತ್ತಬೇಕು. ಮೆತ್ತಿ ಮುಗಿಸಿ, ಹಸಿ ಮಣ್ಣಿನ ಮೇಲೆ ಬಲಗೈ ಒತ್ತಿ ಅಚ್ಚು ಮೂಡಿಸಬೇಕು. ಮುಂದಿನ ವರ್ಷದ ಸೊಸೆಯರು ಅದರ ಮೇಲೆಯೇ ಮೆತ್ತುತ್ತಾರೆ. ಹೀಗೆ ಒಂದರ ಮೇಲೊಂದು ಪದರ, ಪ್ರತಿ ಪದರದಲ್ಲೂ ಕೈಗಳು. ಆ ಊರಿಗೆ ಬಂದ ಪ್ರತಿ ಹೆಣ್ಣಿನ ಕೈ ಆ ಗೋಡೆಯೊಳಗಿತ್ತು. ನಾನು ಬಂದ ವರ್ಷ, ಇದೇನು ಚರ್ಚಿನ ಗೋಡೆಗೆ ನಾನ್ಯಾಕೆ ಎಂದು ಹಿಂದೆಮುಂದೆ ನೋಡಿದ್ದೆ. ಅತ್ತೆ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಮಣ್ಣಿಗೆ ಯಾವ ಜಾತಿ ಯಾವ ದೇವ್ರು ಅಂತ ಗೊತ್ತಾಗಲ್ಲ ಕಣಮ್ಮಾ, ಒತ್ತು" ಎಂದರು. ನನ್ನ ಪಕ್ಕದಲ್ಲೇ ಕೈ ಒತ್ತಿದವಳು ಲೂರ್ದಮ್ಮ. ಅದೇ ವರ್ಷ ಚೌರಪ್ಪನನ್ನು ಮದುವೆಯಾಗಿ ಬಂದವಳು. "ನಿನ್ ಕೈ ಎಷ್ಟ್ ಚಿಕ್ಕದೇ, ರಾಗಿ ಬೀಸಿಲ್ವಾ ಯಾವತ್ತೂ?" ಎಂದು ಕೇಳಿದ್ದಳು. ಅಂದಿನಿಂದ ಸ್ನೇಹ. ನಮ್ಮಿಬ್ಬರ ಕಷ್ಟ ಸುಖವೆಲ್ಲ ಆ ಗುಡಿಯ ಮೆಟ್ಟಿಲ ಮೇಲೆಯೇ ಕಳೆಯಿತು.

ಲೂರ್ದಮ್ಮನ ಮಗಳು ಬೆಳೆದು ಮದುವೆಗೆ ಬಂದ ವರ್ಷ ಕೆರೆಯಾಚೆಯ ಹೊಲಗಳಲ್ಲಿ ಲೇಔಟು ಬಂತು. ದೊಡ್ಡ ಗೇಟು, ಒಳಗೆ ವಿಲ್ಲಾಗಳು, ಮಧ್ಯೆ ಕ್ಲಬ್‌ಹೌಸು. ಎಲ್ಲಾ 'ಸ್ಪ್ಯಾನಿಶ್ ಮಿಷನ್ ಸ್ಟೈಲ್' ಅಂತೆ. ಗೇಟಿನ ಬೋರ್ಡಿನಲ್ಲಿ ಹಾಗೆಂದು ಬರೆದಿತ್ತು. ಊರವರಿಗೆ ಸ್ಪೇನ್ ಎಲ್ಲಿದೆಯೋ ಗೊತ್ತಿಲ್ಲ, ಕೊಂಡುಕೊಳ್ಳುವವರಿಗೂ ಗೊತ್ತಿತ್ತೋ ಇಲ್ಲವೋ. ಅದನ್ನು ವಿನ್ಯಾಸ ಮಾಡಲು ಕಂಪನಿಯವರು ಅಮೆರಿಕದಿಂದ ಒಬ್ಬ ಹೆಂಗಸನ್ನು ಕರೆಸಿದ್ದರು. ಹೆಸರು ಎಲೇನಾ. ಕಂದು ಮೈಬಣ್ಣ, ದಪ್ಪ ಜಡೆ, ನೋಡಿದರೆ ನೆಲಮಂಗಲದ ಸಂತೆಯಲ್ಲಿ ಸೊಪ್ಪು ಚೌಕಾಸಿ ಮಾಡುವವಳ ಹಾಗಿದ್ದಳು. ನಮ್ಮ ಹೆಂಗಸರು ಎರಡೇ ದಿನದಲ್ಲಿ ಅವಳನ್ನು ಎಲ್ಲಮ್ಮ ಮಾಡಿಬಿಟ್ಟರು.

ಅವಳು ನಮ್ಮ ಗುಡಿಗೆ ಬಂದದ್ದು ಒಂದು ಭಾನುವಾರ. ನಾವು ಮಣ್ಣುಸೇವೆಗೆಂದು ಗುಂಡಿಯಲ್ಲಿ ಮಣ್ಣು ಕೊಳೆಹಾಕಿದ್ದೆವು. ಕಾರಿನಿಂದ ಇಳಿದವಳು ಮೂಗು ಮುಚ್ಚಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಗುಂಡಿಯ ಹತ್ತಿರ ಬಂದು ಬಗ್ಗಿ ಆ ವಾಸನೆಯನ್ನು ಎದೆತುಂಬ ಎಳೆದುಕೊಂಡಳು. ಆಮೇಲೆ ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಯಾರನ್ನೂ ಕೇಳದೆ ಒಳಗಿಳಿದು ತುಳಿಯತೊಡಗಿದಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತಾರೆ, ಇವಳು ನೇರ ಕೆಸರಿಗೇ ಬಂದಳು. ಲೂರ್ದಮ್ಮ ಬಾಯಿ ಬಿಟ್ಟುಕೊಂಡು, "ಏ ಪದ್ಮಾ, ಇವ್ಳಿಗೆ ತುಳಿಯೋಕ್ ಬರ್ತದೆ ಕಣೇ! ಹಿಮ್ಮಡಿ ನೋಡು, ಹೆಂಗ್ ಊರ್ತಾಳೆ" ಎಂದಳು.

ಊರಿನಲ್ಲಿ ಇಂಗ್ಲಿಷ್ ಬರುವ ಹೆಂಗಸು ನಾನೊಬ್ಬಳೇ, ಮೇಷ್ಟ್ರಮ್ಮ. ಹಾಗಾಗಿ ಅವಳ ಮಾತು ನನ್ನ ಕಿವಿಯ ಮೂಲಕವೇ ಊರಿಗೆ ಹೋಗಬೇಕಿತ್ತು. ಅವಳ ಮನೆಯವರು ಮೆಕ್ಸಿಕೋ ಮೂಲದವರು. ಈಗ ಅಮೆರಿಕವಾಗಿರುವ ಒಂದು ಒಣಸೀಮೆಯಲ್ಲಿ, ಅದು ಅಮೆರಿಕ ಆಗುವ ಮುಂಚಿನಿಂದ ಇರುವವರು. ಅವರ ಹಳ್ಳಿಯ ಚರ್ಚೂ ಮಣ್ಣಿನದಂತೆ. ಸ್ಪೇನಿನ ಪಾದ್ರಿಗಳು ಬಂದು ಅಲ್ಲಿನವರನ್ನು ಹಿಡಿದು, ಹೊಡೆದು, ಕಟ್ಟಿಸಿದ್ದಂತೆ. ಓಡಿಹೋದವರನ್ನು ಹಿಡಿದು ತಂದು ಮತ್ತೆ ಮಣ್ಣು ತುಳಿಸುತ್ತಿದ್ದರಂತೆ.

"ಹಾಗಿದ್ರೆ ಆ ಚರ್ಚು ಕಂಡರೆ ನಿಮಗೆ ಸಿಟ್ಟು ಬರೋದಿಲ್ವಾ?" ಎಂದು ಕೇಳಿದೆ.

"ಬರುತ್ತದೆ" ಎಂದಳು. "ಆದರೆ ಪಾದ್ರಿಗಳು ಹೋದರು. ಗೋಡೆಯನ್ನು ಉಳಿಸಿಕೊಂಡವರು ನಮ್ಮ ಅಜ್ಜಿಯರು. ಪ್ರತಿ ವರ್ಷ ಹೆಂಗಸರೇ ಮಣ್ಣು ಮೆತ್ತುತ್ತಾರೆ. ಈಗ ಅದು ನಮ್ಮದು."

ಪಾಪಸುಕಳ್ಳಿಯ ಲೋಳೆ ಕಂಡಾಗಲಂತೂ ಅವಳು ಕುಣಿದಾಡಿಬಿಟ್ಟಳು. ಅವರೂ ಸುಣ್ಣಕ್ಕೆ ಅದನ್ನೇ ಹಾಕುತ್ತಾರಂತೆ. ಗಿಡವೇ ಅವರ ಸೀಮೆಯದಂತೆ, ಹಡಗಿನಲ್ಲಿ ಎಲ್ಲೆಲ್ಲಿಗೋ ಹೋಗಿ ನಮ್ಮ ಬೇಲಿಗೂ ಬಂದದ್ದಂತೆ. ಅದನ್ನು ಹೇಳಿದಾಗ ಲೂರ್ದಮ್ಮ ನಂಬಲೇ ಇಲ್ಲ. "ಹೋಗತ್ಲಾಗೆ, ನಮ್ಮ್ ಬೇಲಿ ಕಳ್ಳಿ ನಮ್ಮ್ದೇ. ಬೇಕಿದ್ರೆ ಅವ್ರ್ ಊರಿಗೆ ಇಲ್ಲಿಂದ ಹೋಗಿರ್ಬೋದು" ಎಂದಳು. ಅವಳ ಹಟಕ್ಕೆ ಎಲೇನಾ ಬಿದ್ದುಬಿದ್ದು ನಕ್ಕಳು.

ನಗು ಆ ಭಾನುವಾರಕ್ಕೇ ಮುಗಿಯಿತು. ಅದೇ ವಾರ ಕಂಪನಿಯ ಮ್ಯಾನೇಜರು ಡೈರಿಯ ಅಂಗಳದಲ್ಲಿ ಊರ ಗಂಡಸರನ್ನು ಸೇರಿಸಿದ. ಲೇಔಟಿಗೆ ಹೋಗುವ ದಾರಿ ನಮ್ಮ ಗುಡಿಯ ಮುಂದೆಯೇ ಹಾಯುತ್ತಿತ್ತು. ವಿಲ್ಲಾ ನೋಡಲು ಬರುವವರ ಕಣ್ಣಿಗೆ ಮೊದಲು ಬೀಳುವುದೇ ಸಗಣಿ ಬಣ್ಣದ ಗೋಡೆ. ಅದಕ್ಕೆ ಕಂಪನಿಯ ಕಡೆಯಿಂದ ಗುಡಿಗೆ ಜೀರ್ಣೋದ್ಧಾರ: ಸಿಮೆಂಟು ಪ್ಲಾಸ್ಟರು, ಪುಟ್ಟಿ, ಬಿಳಿ ಬಣ್ಣ, ಟೈಲ್ಸು. ಊರವರು ಒಂದು ಪೈಸೆ ಹಾಕಬೇಕಾಗಿಲ್ಲ. ಊರಿನ ಪರವಾಗಿ ಮಾತಾಡಿದವರು ಇಬ್ಬರು. ಒಬ್ಬ ಗುಡಿಯ ಹಿರಿಯ ಚೌರಪ್ಪ, ಲೂರ್ದಮ್ಮನ ಗಂಡ. ಇನ್ನೊಬ್ಬರು ಡೈರಿ ಕಾರ್ಯದರ್ಶಿ ಶಿವಣ್ಣ, ನನ್ನ ಗಂಡ. ಇಬ್ಬರೂ ಕುಣಿಯುತ್ತಾ ಒಪ್ಪಿದರು. ತಿಂಗಳಿಗೊಮ್ಮೆ ಪೂಜೆಗೆ ಬರುವ ಪಾದ್ರಿಗಳು, ಊರವರು ಹೇಗೆ ಹೇಳಿದರೆ ಹಾಗೆ ಎಂದು ಕೈ ತೊಳೆದುಕೊಂಡರು.

ಚೌರಪ್ಪನ ಕಷ್ಟ ನನಗೆ ಗೊತ್ತಿತ್ತು, ಇಲ್ಲ ಅನ್ನುವುದಿಲ್ಲ. ಅವನ ಮಗಳು ಪ್ರೀತಿಗೆ ಬೆಂಗಳೂರಿನ ಗಂಡು ನಿಶ್ಚಯವಾಗಿತ್ತು. ಪಾಸ್ಕ ಹಬ್ಬ, ಅಂದರೆ ಈಸ್ಟರ್, ಕಳೆದ ಮೇಲೆ ಮದುವೆ. ಹೆಣ್ಣು ನೋಡಲು ಬಂದ ಬೀಗಿತಿ ಗುಡಿಯನ್ನು ಕಂಡು, "ಇಲ್ಲಾ ಮದುವೆ? ಫೋಟೋ ಹೆಂಗ್ ಬರ್ತದೆ?" ಎಂದಿದ್ದಳಂತೆ. ಆ ಮಾತು ಚೌರಪ್ಪನ ಎದೆಗೆ ನಾಟಿತ್ತು. ತಾನು ಹುಟ್ಟಿದಾಗ ಜ್ಞಾನಸ್ನಾನ ಪಡೆದ ಗುಡಿ, ತನ್ನ ಅಪ್ಪ ಅಮ್ಮನ ಶವ ಇಳಿಸಿದ ಗುಡಿ, ಒಬ್ಬ ಬೀಗಿತಿಯ ಮೂತಿ ಸೊಟ್ಟಗಾದದ್ದಕ್ಕೆ ಅವನಿಗೆ ನಾಚಿಕೆಯಾಗಿ ಹೋಯಿತು. ನಾಚಿಕೆಪಡಬೇಕಾದದ್ದಕ್ಕೆ ಪಡದೆ ಇಂಥದ್ದಕ್ಕೆ ಪಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ವಿಷಯ ತಿಳಿದ ಎಲೇನಾ ನೇರ ಡೈರಿ ಅಂಗಳಕ್ಕೆ ಬಂದಳು. ನನ್ನನ್ನೂ ಎಳೆದುಕೊಂಡು ಬಂದಳು. ಎರಡನೆಯ ಸಭೆ ನಡೆಯುತ್ತಿತ್ತು. ಮ್ಯಾನೇಜರು ಅವಳನ್ನು ಕಂಡು ಹುಬ್ಬು ಗಂಟಿಕ್ಕಿದ. ಅವಳು ಹೇಳಿದ್ದನ್ನು ನಾನು ನಮ್ಮ ಮಾತಿನಲ್ಲಿ ಹೇಳುತ್ತಾ ಹೋದೆ.

"ಮಣ್ಣಿನ ಗೋಡೆ ಉಸಿರಾಡ್ತದಂತೆ. ಮಳೆಗಾಲ್ದಲ್ಲಿ ನೀರು ಕುಡೀತದೆ, ಬಿಸ್ಲಿಗೆ ಬಿಟ್ಬಿಡ್ತದೆ. ಸಿಮೆಂಟ್ ಮೆತ್ತಿದ್ರೆ ಕುಡಿದ ನೀರು ಆಚೆ ಬರಲ್ಲ. ಒಳಗೊಳಗೇ ಅಂಬ್ಲಿ ಆಗೋಗ್ತದೆ. ಅವ್ರ ಅಜ್ಜಿ ಕಾಲ್ದಲ್ಲಿ ಒಬ್ಬ ಪಾದ್ರಿ ಹಿಂಗೇ ಸಿಮೆಂಟ್ ಹಾಕ್ಸಿದ್ನಂತೆ, ಚರ್ಚ್ ಅರ್ಧ ಬಿದ್ದೋಯ್ತಂತೆ. ಅಜ್ಜಿ ಆ ಮಣ್ಣ್ ಗುಡ್ಡೆ ಮುಂದೆ ಕೂತ್ಕೊಂಡು ಅತ್ತಿದ್ದನ್ನ ಇವ್ಳು ಕಣ್ಣಾರೆ ನೋಡಿದ್ಳಂತೆ."

"ಅಮೆರಿಕದಲ್ಲಿ ಮಣ್ಣಿನ್ ಗುಡಿನಾ?" ಎಂದು ಯಾರೋ ನಕ್ಕರು. ಎಲ್ಲರೂ ನಕ್ಕರು.

ಎಲೇನಾ ಫೋನಿನಲ್ಲಿದ್ದ ಫೋಟೋ ತೋರಿಸಿದಳು. ಕೆಂಪು ಗೋಡೆ, ಮೇಲೊಂದು ಗಂಟೆ, ಮುಂದೆ ಕೈ ಕೆಸರು ಮಾಡಿಕೊಂಡು ನಿಂತ ಹೆಂಗಸರು. ಚೌರಪ್ಪ ಫೋನನ್ನು ಹತ್ತಿರ ಹಿಡಿದು ನೋಡಿ, "ಇದ್ಯಾವ್ದೋ ಬಡವ್ರ ಕೇರಿ ಕಣ್ರೀ" ಎಂದ.

ನಾನು ಅದನ್ನು ಹೇಗೆ ಹೇಳುವುದೆಂದು ತಡವರಿಸಿದೆ. ಅವಳು ಬಿಡಲಿಲ್ಲ, ಏನೆಂದ ಹೇಳು ಎಂದು ಪಟ್ಟು ಹಿಡಿದಳು. ಹೇಳಿದೆ.

"ಹೌದು" ಎಂದಳು ಎಲೇನಾ. "ನಮ್ಮ ಕೇರಿ."

ನನ್ನ ಗಂಡ ಎದ್ದು ನಿಂತರು. "ಲೇ ಪದ್ಮಾ, ಆವಮ್ಮ ಹೇಳಿದ್ದು ನಾಕು ಮಾತು, ನೀನ್ ಹೇಳಿದ್ದು ನಲ್ವತ್ತು. ನಿನ್ನ ಸಾರಾನೂ ಅದಕ್ಕೆ ಬೆರೆಸಬೇಡ. ಕೈ ಕೆಸರಾದ್ರೆ ಬಾಯಿ ಮೊಸರು ಅಂತ ಪಾಠ ಮಾಡೋಕೆ ಇದು ಸ್ಕೂಲಲ್ಲ" ಎಂದರು.

"ಕೈ ಕೆಸರು ಮಾಡ್ಕೊಂಡವ್ರು ನಾವು, ಮೊಸರು ತಿಂದವ್ರು ನೀವು. ಆ ಪಾಠ ನಿಮಗೇ ಬೇಕಾಗಿರೋದು" ಎಂದೆ. ಊರ ಗಂಡಸರ ಮುಂದೆ ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು. ಮನೆಗೆ ಬಂದ ಮೇಲೆ ಎರಡು ಹೊತ್ತು ಮಾತು ಬಿಟ್ಟರು. ಒಳ್ಳೆಯದೇ ಆಯಿತೆಂದು ನಾನೂ ಬಿಟ್ಟೆ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಲೂರ್ದಮ್ಮನ ಮೇಲೆ. ಸಭೆಯ ಅಂಚಿನಲ್ಲಿ ಸೆರಗು ಹೊದ್ದು ನಿಂತಿದ್ದಳು, ಒಂದೇ ಒಂದು ಮಾತಾಡಲಿಲ್ಲ. ಮರುದಿನ ಗುಡಿಯ ಮೆಟ್ಟಿಲ ಮೇಲೆ ಸಿಕ್ಕಾಗ ಕೇಳಿಯೇಬಿಟ್ಟೆ.

"ಬಾಯಿಗೇನು ಬೀಗ ಬಿದ್ದಿತ್ತೇನೇ?"

"ಮಗಳ ಮದ್ವೆ ಕಣೇ" ಎಂದಳು. "ಗುಡಿ ವಿಷ್ಯಕ್ಕೆ ಜಗಳ ತೆಗ್ದು ಮದ್ವೆ ನಿಂತ್ರೆ, ಪ್ರೀತಿ ನನ್ನ ಮುಖ ನೋಡ್ತಾಳಾ? ನಿಂಗೇನು, ನಿಂಗೆ ಹೆಣ್ಮಕ್ಳಿಲ್ಲ."

"ನಿನ್ನ ಕೈ ಆ ಗೋಡೇಲಿದೆ."

"ನಂಗೊತ್ತಿಲ್ವಾ?" ಎಂದು ರೇಗಿದಳು. ಆಮೇಲೆ ದನಿ ತಗ್ಗಿಸಿ, "ಹಿಂದಿನ್ ಗೋಡೆ ಒಂದನ್ನ ಮುಟ್ಟಬೇಡಿ ಅಂತ ಕೇಳ್ಕೊಂಡಿದೀನಿ. ಆಯ್ತು ಅಂದವ್ರೆ. ಅಷ್ಟು ಸಾಕು ಬಿಡು" ಎಂದಳು.

ಚೌರಪ್ಪ ನನಗೂ ಹಾಗೆಯೇ ಮಾತು ಕೊಟ್ಟ. "ಹಿಂದಿನ್ ಗೋಡೆ ಯಾರ್ ಫೋಟೋಕ್ಕೂ ಬರಲ್ಲ ಮೇಷ್ಟ್ರಮ್ಮ. ನಿಮ್ ಕೈಗಳು ನಿಮಗೇ ಇರ್ಲಿ" ಎಂದ. ಆ ವರ್ಷ ಊರಿಗೆ ಬಂದಿದ್ದ ಹೊಸ ಸೊಸೆಯರು ಅದನ್ನು ಮೆತ್ತಿ ಕೈ ಒತ್ತುವುದೆಂದು ಮಾತಾಯಿತು. ಕೊಳೆಹಾಕಿದ ಮಣ್ಣು ಗುಂಡಿಯಲ್ಲಿ ಕಾಯುತ್ತಿತ್ತು.

ಅರಿಶಿನಕುಂಟೆ ಕಡೆಯ ಗೋಡೌನಿನಿಂದ ಸಿಮೆಂಟಿನ ಲಾರಿಗಳು ಬಂದವು. ಮಣ್ಣಿನ ಮೇಲೆ ಸಿಮೆಂಟು ಹಿಡಿಯುವುದಿಲ್ಲ, ಅದಕ್ಕೆ ಕೋಳಿ ಬಲೆಯಂಥ ತಂತಿಯ ಜಾಲರಿ ಹಾಸಿ ಗೋಡೆಗೆ ಮೊಳೆ ಹೊಡೆದರು. ಗೇಣುದ್ದದ ಮೊಳೆಗಳು. ಹೊಡೆದಾಗಲೆಲ್ಲ ಒಳಗಿನಿಂದ ಪುಡಿಮಣ್ಣು ಸುರಿಯುತ್ತಿತ್ತು. ಉತ್ತರ, ದಕ್ಷಿಣ, ಮುಂಭಾಗ ಮುಗಿಯಿತು. ಒಂದು ಸಂಜೆ ಶಾಲೆ ಬಿಟ್ಟು ಬಂದು ಗುಡಿಯ ಹಿಂದೆ ಹೋದೆ. ಪೂರ್ವದ ಗೋಡೆ ಇರಲಿಲ್ಲ. ಅಂದರೆ ಇತ್ತು, ಬೂದಿ ಬಣ್ಣದ ಹಸಿ ಸಿಮೆಂಟಿನ ಅಡಿಯಲ್ಲಿ. ಮೇಸ್ತ್ರಿ ಪೈಪು ಹಿಡಿದು ನೀರು ಬಿಡುತ್ತಿದ್ದ. ಆ ವಾಸನೆ. ಗುಂಡಿಯಲ್ಲಿದ್ದ ನಮ್ಮ ಮಣ್ಣಿನ ಮೇಲೆ ಖಾಲಿ ಚೀಲಗಳನ್ನು ಎಸೆದಿದ್ದರು.

ಚೌರಪ್ಪನ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಕೂಗಾಡಿದೆ. ಅವನು ತಲೆ ಕೆರೆದುಕೊಂಡು, "ಮೂರ್ ಕಡೆ ಮಾಡಿ ಒಂದ್ ಕಡೆ ಬಿಟ್ರೆ ಅಸಹ್ಯ ಅಂತ ಮ್ಯಾನೇಜರ್ ಅಂದ್ರು. ಆಗಿದ್ದು ಆಗೋಯ್ತು ಬಿಡಿ ಮೇಷ್ಟ್ರಮ್ಮ. ಇನ್ಮೇಲೆ ವರ್ಷ ವರ್ಷ ಸಗಣಿ ಮೆತ್ತೋ ಕರ್ಮ ನಿಮಗಿಲ್ವಲ್ಲ, ಅದನ್ನ್ ನೋಡಿ" ಎಂದ. ನಮಗೆ ಉಪಕಾರ ಮಾಡಿದ್ದಾನಂತೆ! ನಾವು ಅದನ್ನು ಕರ್ಮ ಎಂದು ಯಾವತ್ತಾದರೂ ಅಂದಿದ್ದೆವೇ? ವರ್ಷದಲ್ಲಿ ಆ ಕೆಲವು ದಿನ ಮಾತ್ರ ನಮ್ಮೂರ ಹೆಂಗಸರು ಒಲೆ ಬಿಟ್ಟು, ಅತ್ತೆ ಸೊಸೆ ಎನ್ನದೆ, ಆ ಬೀದಿ ಈ ಬೀದಿ ಎನ್ನದೆ ಒಟ್ಟಿಗೆ ಕೂತು ನಗುತ್ತಿದ್ದುದು. ಅದನ್ನು ಕಿತ್ತುಕೊಂಡು ರಜೆ ಕೊಟ್ಟೆ ಎನ್ನುವವನಿಗೆ ಏನು ಹೇಳುವುದು? ಒಳಮನೆಯಲ್ಲಿ ಲೂರ್ದಮ್ಮ ಇದ್ದಳು. ಹೊರಗೆ ಬರಲಿಲ್ಲ.

ಎಲೇನಾ ಮ್ಯಾನೇಜರನೊಂದಿಗೆ ಜಗಳವಾಡಿ ಕೆಲಸ ಬಿಟ್ಟಳು. ಹೊರಡುವ ಮುನ್ನ ನಮ್ಮ ಮನೆಗೆ ಊಟಕ್ಕೆ ಬಂದಳು. ಮುದ್ದೆಯನ್ನು ಅಗಿಯಬಾರದು ನುಂಗಬೇಕು ಎಂದು ಹೇಳಿಕೊಟ್ಟೆ, ಅವಳು ಅಗಿದೇ ತಿಂದಳು. ಕ್ಲಬ್‌ಹೌಸಿನ ಗೋಡೆಗೆ ಮಣ್ಣಿನಂತೆ ಕಾಣುವ ಬಣ್ಣ ಹೊಡೆಯುತ್ತಿದ್ದಾರೆಂದು ಹೇಳಿದಳು. ಕಾಂಕ್ರೀಟಿನ ಮೇಲೆ ಬೆರಳಿನಿಂದ ಎಳೆದ ಹಾಗೆ ಗೆರೆ ಮೂಡಿಸುವ ದುಬಾರಿ ಬಣ್ಣವಂತೆ. ಅಲ್ಲಿ ಸಿಮೆಂಟಿಗೆ ಮಣ್ಣಿನ ವೇಷ, ಇಲ್ಲಿ ಮಣ್ಣಿಗೆ ಸಿಮೆಂಟಿನ ವೇಷ. "ನಮ್ಮವರ ಬೆನ್ನಿಗೆ ಬಾರುಕೋಲು ಬಿದ್ದು ಎದ್ದ ಗೋಡೆಗಳು ಇವರಿಗೆ ಬರೀ ಡಿಸೈನು" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಅಳು ಬರಲಿಲ್ಲ, ಏನನ್ನಾದರೂ ಒಡೆಯಬೇಕು ಅನ್ನಿಸಿತು.

ಮದುವೆ ಚೆನ್ನಾಗಿಯೇ ಆಯಿತು. ಗುಡಿ ಬೆಳ್ಳಗೆ ಹೊಳೆಯುತ್ತಿತ್ತು. ಬೀಗಿತಿಯ ಮೂತಿ ನೆಟ್ಟಗಿತ್ತು. ಮಾಕಳಿದುರ್ಗದ ಬೆಟ್ಟ ಹತ್ತಿ ವಾಪಸಾಗುತ್ತಿದ್ದ ಬೆಂಗಳೂರಿನ ಹುಡುಗರೂ ಬೈಕು ನಿಲ್ಲಿಸಿ ಫೋಟೋ ತೆಗೆದುಕೊಂಡರು. ಒಳಗೆ ಸೆಕೆಯಿಂದ ಹೆಂಗಸರ ಕುಪ್ಪಸವೆಲ್ಲ ಒದ್ದೆಯಾಗಿತ್ತು, ನಾಲ್ಕು ಫ್ಯಾನು ತಿರುಗಿದರೂ ಸಾಲದು. ಅದೇ ಗುಡಿಯ ತಂಪು ಎಲ್ಲಿ ಹೋಯಿತೆಂದು ಒಬ್ಬರೂ ಕೇಳಲಿಲ್ಲ. ಮೇಲೆ ಥಳಕು, ಒಳಗೆ ಹುಳುಕು.

ಮಳೆ ಆ ವರ್ಷ ಮುಂಗಾರಿನಲ್ಲಿ ಮುನಿಸಿಕೊಂಡು ಹಿಂಗಾರಿನಲ್ಲಿ ಸುರಿಯಿತು. ಚಿತ್ತಾ ಮಳೆ ಹಿಡಿದದ್ದು ಬಿಡಲೇ ಇಲ್ಲ. ಗುಡಿಯನ್ನು ದಿನಾ ಗುಡಿಸುತ್ತಿದ್ದವಳು ಲೂರ್ದಮ್ಮ. ಒಂದು ದಿನ ಅವಳಾಗಿಯೇ ನಮ್ಮ ಮನೆಗೆ ಬಂದಳು. ಮದುವೆಯ ನಂತರ ನಾವು ಸರಿಯಾಗಿ ಮಾತಾಡಿರಲಿಲ್ಲ.

"ಪೀಠದ್ ಹಿಂದೆ ಗೋಡೆ ಬೆವರ್ತದೆ ಪದ್ಮಾ" ಎಂದಳು. "ಸಿಮೆಂಟ್ ತಟ್ಟಿದ್ರೆ ಹಲಸಿನ್ ಹಣ್ಣು ತಟ್ಟಿದಂಗೆ ಸದ್ದು. ಒಳ್ಗೆ ಏನೋ ಕಳಚ್ಕೊಂಡಿದೆ. ನಮ್ಮ್ ಮನೆಯವ್ರಿಗೆ ಹೇಳ್ದೆ. ಸುಮ್ನಿರು, ಯಾರಿಗೂ ಹೇಳ್ಬೇಡ ಅಂದ್ರು."

ನಾನು ಗಂಡನಿಗೆ ಹೇಳಿದೆ. "ಹೊಸಾ ಪ್ಲಾಸ್ಟರು, ಹಂಗೆಲ್ಲ ಏನೂ ಆಗಲ್ಲ" ಎಂದು ಟಿವಿಯ ದನಿ ಹೆಚ್ಚಿಸಿದರು. ನಾನೇ ಹೋಗಿ ನೋಡಿದೆ. ಹೊರಗಿನಿಂದ ನೋಡಿದರೆ ಏನೂ ಕಾಣದು. ಬರೀ ಮಣ್ಣಾಗಿದ್ದರೆ ಬಿರುಕು ಕಾಣುತ್ತಿತ್ತು, ಒಂದು ಮುದ್ದೆ ಮೆತ್ತಿದರೆ ಮುಗಿಯುತ್ತಿತ್ತು. ಇಲ್ಲಿ ಬಿಳಿ ಬಣ್ಣ ನಗುನಗುತ್ತಾ ನಿಂತಿತ್ತು, ಒಳಗೆ ಗೋಡೆ ಕೊಳೆಯುತ್ತಿತ್ತು.

ಅದು ಬಿದ್ದದ್ದು ಒಂದು ಮಧ್ಯಾಹ್ನ. ಲೂರ್ದಮ್ಮ ಒಳಗೆ ಗುಡಿಸಿ, ಮಾತೆಗೆ ಹೂ ಕೊಯ್ಯಲು ಅಂಗಳಕ್ಕೆ ಇಳಿದಿದ್ದಳು. ದೊಡ್ಡ ಸದ್ದೇನೂ ಆಗಲಿಲ್ಲ, ತುಂಬಿದ ಚೀಲ ಕುಸಿದ ಹಾಗೆ ಪೂರ್ವದ ಗೋಡೆ ಬುಡದಿಂದ ಕುಸಿಯಿತು. ಅದರ ಜೊತೆ ಅರ್ಧ ಸೂರು ಇಳಿಯಿತು. ಇನ್ನೊಂದು ಗಳಿಗೆ ಒಳಗಿದ್ದಿದ್ದರೆ ಲೂರ್ದಮ್ಮ ಹೆಂಚಿನ ಅಡಿಯಲ್ಲಿರುತ್ತಿದ್ದಳು. ಶಾಲೆಗೆ ಸುದ್ದಿ ಬಂದು ನಾನು ಓಡಿ ಹೋದಾಗ ಅವಳು ಹೂವಿನ ಬುಟ್ಟಿಯನ್ನು ಹಾಗೆಯೇ ಹಿಡಿದುಕೊಂಡು ಮಳೆಯಲ್ಲಿ ನಿಂತಿದ್ದಳು.

ಸಿಮೆಂಟಿನ ಹಲಗೆಗಳು ತಂತಿ ಸಮೇತ ಅಂಗಾತ ಬಿದ್ದಿದ್ದವು. ಅವುಗಳ ಬೆನ್ನಿಗೆ ನಮ್ಮ ಮಣ್ಣು ಪದರ ಪದರವಾಗಿ ಅಂಟಿಕೊಂಡಿತ್ತು. ನಾನು ಒಂದು ಹೆಂಟೆ ಬಿಡಿಸಿದೆ. ಪದರಗಳು ಒಬ್ಬಟ್ಟಿನ ಹಾಗೆ ಬಿಟ್ಟುಕೊಂಡವು. ಒಳಗೆ ನಾಲ್ಕು ಬೆರಳು. ಯಾರದೋ. ಸುತ್ತ ನಿಂತಿದ್ದ ಹೆಂಗಸರೆಲ್ಲ ಬಗ್ಗಿದರು. ಒಂದೊಂದೇ ಹೆಂಟೆ ಬಿಡಿಸತೊಡಗಿದರು. ಹೆಚ್ಚಿನದೆಲ್ಲ ಕೈಗೆ ಬಂದ ಕೂಡಲೇ ಅಂಬಲಿಯಾಗಿ ಸೋರಿಹೋಗುತ್ತಿತ್ತು. ಲೂರ್ದಮ್ಮ ಒಂದು ಅಚ್ಚಿನ ಮೇಲೆ ತನ್ನ ಕೈ ಇಟ್ಟು ನೋಡಿದಳು. ಹೊಂದಲಿಲ್ಲ. ಮೆಲ್ಲಗೆ ಅದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡಳು. ಅಷ್ಟರಲ್ಲಿ ಅದೂ ಕರಗಿತು.

ಮಾರನೆಯ ದಿನವೇ ಕಂಪನಿಯ ಜೆಸಿಬಿ ಬಂತು. ಅವರು ಮೊದಲೇ ಉಪಕಾರಿಗಳಲ್ಲವೇ, ಗುಡಿಸುವ ಕೆಲಸವನ್ನೂ ಪುಕ್ಕಟೆ ಮಾಡಿಕೊಟ್ಟರು. ಅಷ್ಟು ಕೊಳೆತು ಹದವಾದ ಕೆಮ್ಮಣ್ಣು ಎಲ್ಲಿ ಸಿಗುತ್ತದೆ! ಟ್ರಾಕ್ಟರಿಗೆ ತುಂಬಿ ಲೇಔಟಿಗೆ ಒಯ್ದು ಕ್ಲಬ್‌ಹೌಸಿನ ಮುಂದಿನ ಹುಲ್ಲುಹಾಸಿಗೆ ಹರಡಿದರು. ನಾನು ಟ್ರಾಕ್ಟರಿನ ಮುಂದೆ ನಿಂತೆ. "ಮಣ್ಣು ತಾನೇ ಮೇಡಂ?" ಎಂದ ಡ್ರೈವರು, ಪಾಪದವನು. ನನ್ನ ಗಂಡ ಬಂದು ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು. ನಮ್ಮತ್ತೆಯ ಕೈ ಇದ್ದ ಮಣ್ಣು, ಅವರನ್ನು ಹೆತ್ತವಳ ಕೈ. ಅದನ್ನು ಹೇಳಿದೆ. ಅವರು ಮುಖ ಬೇರೆ ಕಡೆ ತಿರುಗಿಸಿದರು, ರಟ್ಟೆ ಬಿಡಲಿಲ್ಲ.

ನನ್ನನ್ನು ಹುಚ್ಚೆಬ್ಬಿಸಿದ್ದು ಆಮೇಲಿನ ಮಾತು. ಅಂಗಡಿ ಮುಂದೆ, ಡೈರಿಯಲ್ಲಿ, ಬಸ್ಸಿನಲ್ಲಿ, ಎಲ್ಲರ ಬಾಯಲ್ಲೂ ಒಂದೇ ಮಾತು: "ಮಣ್ಣಿನ್ ಗೋಡೆ ಅಲ್ವಾ, ಬೀಳ್ದೆ ಇನ್ನೇನು?" ಸಿಮೆಂಟಿನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಈ ವರ್ಷ ಹೆಂಗಸರು ಮೆತ್ತಲಿಲ್ಲವಲ್ಲ, ಅದಕ್ಕೇ ಬಿತ್ತು ಎಂದವರೂ ಇದ್ದರು. ತಲೆತಲಾಂತರದಿಂದ ಎಂಥೆಂಥ ಮಳೆಗೂ ಜಗ್ಗದ ಗೋಡೆಯನ್ನು ಒಂದೇ ವರ್ಷದಲ್ಲಿ ಕೊಂದು, ಆಮೇಲೆ ಸತ್ತದ್ದೇ ತಪ್ಪು ಎನ್ನುವ ಜನ.

ಉಳಿದ ಮೂರು ಗೋಡೆಗಳನ್ನೂ ಉರುಳಿಸಿ ಅದೇ ಜಾಗದಲ್ಲಿ ಕಾಂಕ್ರೀಟಿನ ಗುಡಿ ಎದ್ದಿತು, ಮತ್ತೆ ಕಂಪನಿಯದೇ ಖರ್ಚು. ಕ್ಲಬ್‌ಹೌಸಿಗೆ ಮಾಡಿಸಿದ್ದ ಅಚ್ಚಿನಲ್ಲೇ ಎರಕ ಹೊಯ್ದ ಸ್ಪ್ಯಾನಿಶ್ ಗೋಪುರ ಅದಕ್ಕೂ ಬಂತು. ತಪಸ್ಸು ಕಾಲಕ್ಕೆ ಮುಂಚೆ ಉದ್ಘಾಟನೆ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮೈಸೂರು ಪೇಟ, ಏಲಕ್ಕಿ ಹಾರ. ಬಾಗಿಲ ಪಕ್ಕ ಹೊಸ ಗ್ರಾನೈಟು ಕಲ್ಲು, ಅದರಲ್ಲಿ ಮ್ಯಾನೇಜರನಿಂದ ಹಿಡಿದು ಚೌರಪ್ಪ, ಶಿವಣ್ಣನವರೆಗೆ ಹೆಸರು. ಒಂದೇ ಒಂದು ಹೆಣ್ಣಿನ ಹೆಸರಿಲ್ಲ. ವೇದಿಕೆಯಲ್ಲಿ ಯಾರಿಗೆ ಎಲ್ಲಿ ಜಾಗ ಎಂದು ಅವರಲ್ಲೇ ಜಗಳವಾಗಿತ್ತು. ವಂದನಾರ್ಪಣೆ ಮಾತ್ರ ಜಗಳವಿಲ್ಲದೆ ನನಗೆ ಬಂತು. ನಮ್ಮ ಕಡೆ ಯಾವುದೇ ಸಮಾರಂಭವಿರಲಿ, ಕೊನೆಗೆ ಜನ ಊಟಕ್ಕೆ ಏಳುವಾಗ ಎಲ್ಲರಿ‌ಗೂ ಥ್ಯಾಂಕ್ಸ್ ಹೇಳುವ ಕೆಲಸ ಮೇಷ್ಟ್ರಮ್ಮಂದಿರದು. ಗಂಡ ಬೆಳಿಗ್ಗೆಯೇ ಹೇಳಿದ್ದರು: "ಹೆಸ್ರು ಓದು, ನಮಸ್ಕಾರ ಹೇಳು, ಇಳಿದ್ ಬಾ. ಬೇರೆ ಏನೂ ಬೇಡ."

ಮೈಕಿನ ಮುಂದೆ ನಿಂತೆ. ಅಡುಗೆಯ ಕಡೆಯಿಂದ ಬಿರಿಯಾನಿಯ ಘಮ ಬರುತ್ತಿತ್ತು, ಹಿಂದಿನ ಸಾಲಿನವರು ಆಗಲೇ ಏಳುತ್ತಿದ್ದರು. ಹೆಸರುಗಳನ್ನು ಓದಿದೆ, ಒಂದನ್ನೂ ಬಿಡಲಿಲ್ಲ. ಆಮೇಲೆ ಹೇಳಿದೆ:

"ಇನ್ನೊಂದಷ್ಟು ಜನಕ್ಕೆ ವಂದನೆ ಬಾಕಿ ಇದೆ. ಈ ಜಾಗದಲ್ಲಿ ಒಂದು ಗುಡಿ ಇತ್ತು. ಅದು ಮಳೆಗೆ ಬೀಳ್ಲಿಲ್ಲ, ಮಣ್ಣು ಅಂತ ಬೀಳ್ಲಿಲ್ಲ. ನಾಚ್ಕೊಂಡು ಅದರ ಉಸಿರು ಕಟ್ಟಿಸಿದ್ರಿ, ಸತ್ತೋಯ್ತು. ಅಲ್ಲೀವರ್ಗೂ ಅದನ್ನ ಕಾಪಾಡಿದವರು ಈ ಊರಿನ ಹೆಣ್ಣುಮಕ್ಕಳು. ಅವರ ಹೆಸ್ರು ಯಾವ ಕಲ್ಲಲ್ಲೂ ಇಲ್ಲ. ಆ ಗೋಡೆಗೆ ಮಣ್ಣು ಮೆತ್ತಿದವರೆಲ್ಲ ದಯವಿಟ್ಟು ಎದ್ದು ನಿಲ್ಲಿ. ನಿಮಗೆ ನಾನು ಕೈ ಮುಗೀಬೇಕು."

ಹೆಂಗಸರು ತಲೆ ತಗ್ಗಿಸಿ ಕೂತಿದ್ದರು. ಗಂಡ ಮೈಕಿನವನಿಗೆ ಕೈಸನ್ನೆ ಮಾಡುತ್ತಿದ್ದರು. ಯಾರೂ ಏಳುವುದಿಲ್ಲ, ನಾನೊಬ್ಬಳೇ ಇಲ್ಲಿ ಹುಚ್ಚಿಯ ಹಾಗೆ ನಿಂತು ಇಳಿಯಬೇಕು ಅನ್ನಿಸಿತು.

ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು, ಮಗಳ ಅತ್ತೆಯ ಪಕ್ಕದಲ್ಲಿ ಕೂತಿದ್ದ ಲೂರ್ದಮ್ಮ ಎದ್ದಳು.

ವೇದಿಕೆಯ ಮೇಲಿದ್ದ ಚೌರಪ್ಪ ಹಾರ ಹಾಕಿಕೊಂಡ ಕುತ್ತಿಗೆಯನ್ನು ಮುಂದೆ ಚಾಚಿ, ಹಲ್ಲು ಕಚ್ಚಿಕೊಂಡು, "ಕೂತ್ಕೊಳ್ಳೇ" ಎಂದ. ಬೀಗಿತಿ ಅವಳ ಸೆರಗು ಜಗ್ಗಿದಳು. ಲೂರ್ದಮ್ಮ ಸೆರಗನ್ನು ಬಿಡಿಸಿಕೊಂಡಳು.

"ಬಂದಾಗಿಂದ ಬಗ್ಗಿ ಬಗ್ಗಿ ಮೆತ್ತಿದೀನಿ ಕಣ್ರೀ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಈಗ ಒಂಚೂರು ನಿಂತ್ಕೋತೀನಿ."

ಮೈಕು ಆಫ್ ಆಯಿತು. ಅವಳ ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದಳು, ಅದರ ಹಿಂದೆ ಇಬ್ಬರು, ಆಮೇಲೆ ಕುರ್ಚಿಗಳು ಸರಿಯುವ ಸದ್ದು ಶಾಮಿಯಾನದ ಕೊನೆಯವರೆಗೂ ಹೋಯಿತು. ಊಟಕ್ಕೆ ಕರೆದರು, ಕೈ ಹಿಡಿದು ಕರೆದರು, ಗದರಿಸಿ ಕರೆದರು. ಅತಿಥಿಗಳು ಕಾರು ಹತ್ತಿ ಹೋಗುವವರೆಗೂ ಒಬ್ಬಳೂ ಕೂರಲಿಲ್ಲ.